ಎಂಜಿನ್ನಿನ ಮೇಲರ್ಧ: ಒಂದು ಡರ್ಟ್ ಬೈಕನ್ನು ಬಿಚ್ಚಿ ಕಟ್ಟಿದ ವಿವರ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಓದುವ ಪತ್ರಿಕೆಗೆ ಎಂಜಿನ್ನಿನ ಕುರಿತು ಲೇಖನ ಬರೆದುಕೊಡಬೇಕೆಂದು ನಮ್ಮ ಗುರುಗಳು ಹೇಳಿದಾಗ ಮೊದಲು ಹಿಂಜರಿದೆ. ಇದೇ ವಿಭಾಗದಲ್ಲಿ ಮೂರು ವರ್ಷ ಹಳಗನ್ನಡವನ್ನೂ ಛಂದಸ್ಸನ್ನೂ ಓದಿ, ಆಮೇಲೆ ಹೊಸೂರಿನಲ್ಲಿ ಚಿಕ್ಕಪ್ಪನವರ ಗ್ಯಾರೇಜಿಗೆ ಸೇರಿ ಕೈಗೆ ಎಣ್ಣೆ ಹಚ್ಚಿಕೊಂಡವನು ನಾನು. ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಏನು ಸಂಬಂಧವೆಂದು ಕೇಳಿದವರು ಬಹಳ. ಗುರುಗಳು ಮಾತ್ರ ಹಾಗೆ ಕೇಳಲಿಲ್ಲ. "ನಮ್ಮ ಹುಡುಗರಲ್ಲಿ ಅನೇಕರು ನಾಳೆ ಕಾರ್ಖಾನೆಯ ಬಸ್ಸು ಹತ್ತುವವರು. ಅವರು ದಿನವೂ ಮುಟ್ಟುವ ಕಬ್ಬಿಣದ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಓದಲು ಸಿಗಲಿ" ಎಂದರು. 1980ರಲ್ಲಿ ಟಿವಿಎಸ್ 50 ಮೊಪೆಡ್ಡು ಹೊರಬಂದದ್ದು ನಮ್ಮ ಹೊಸೂರಿನ ಕಾರ್ಖಾನೆಯಿಂದಲೇ. ಅಂಥ ಊರಿನಲ್ಲಿ ಎಂಜಿನ್ನಿನ ಮಾತು ಪರಕೀಯವಾಗಬಾರದು, ನಿಜ.

ಆದರೆ ಎಲ್ಲ ಎಂಜಿನ್ನುಗಳ ಬಗೆಗೂ ಬರೆಯಹೊರಟರೆ ಯಾವುದೊಂದೂ ತಿಳಿಯುವುದಿಲ್ಲ. ಆದ್ದರಿಂದ ಒಂದೇ ಗಾಡಿಯನ್ನು ತೆಗೆದುಕೊಳ್ಳುತ್ತೇನೆ. ತಳಿಯ ಕಡೆಯ ಹಳ್ಳಿಯೊಂದರ ತರುಣನೊಬ್ಬನ ಬಳಿ ಹೋಂಡಾ ಸಿಆರ್‌ಎಫ್ 250 ಆರ್ ಎಂಬ ಡರ್ಟ್ ಬೈಕು ಇದೆ. ಮಣ್ಣಿನ ಓಟದ ಸ್ಪರ್ಧೆಗಳಿಗೆಂದೇ ಮಾಡಿದ ಈ ಗಾಡಿಗೆ ಹೆಡ್‌ಲೈಟೂ ಇಲ್ಲ, ಹಾರನ್ನೂ ಇಲ್ಲ. ರಸ್ತೆಯಲ್ಲಿ ಓಡಿಸುವಂತೆಯೂ ಇಲ್ಲ. ಕಾರ್ಬುರೇಟರ್ ಇದ್ದ ಕಾಲದ್ದು, ಅಂದರೆ 2010ಕ್ಕೆ ಹಿಂದಿನದು. ಬೆಂಗಳೂರಿನ ಸವಾರನೊಬ್ಬ ಓಡಿಸಿ, ದಣಿಸಿ, ಮೂಲೆಗೆ ನಿಲ್ಲಿಸಿದ್ದನ್ನು ಈ ತರುಣ ಎರಡು ವರ್ಷದ ಸಂಬಳದ ಉಳಿತಾಯಕ್ಕೆ ಅಪ್ಪನ ರೇಷ್ಮೆಗೂಡಿನ ಒಂದು ಬೆಳೆಯ ಹಣವನ್ನೂ ಸೇರಿಸಿ ಕೊಂಡಿದ್ದ. ಗಾಡಿ ನಮ್ಮ ಗ್ಯಾರೇಜಿಗೆ ಎರಡು ಸಲ ಬಂತು. ಮೊದಲನೆಯ ಸಲ ಬಂದಾಗ ನಾನೊಂದು ತಪ್ಪು ಮಾಡಿದೆ. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ. ಇಲ್ಲಿ ಮುಖ್ಯವಾಗಿ ವಿವರಿಸುವುದು ಎರಡನೆಯ ಸಲದ ಕೆಲಸವನ್ನು.

ಗ್ಯಾರೇಜಿನ ಮಾತಿನಲ್ಲಿ ಈ ಕೆಲಸಕ್ಕೆ 'ಹಾಫ್ ಎಂಜಿನ್' ಎನ್ನುತ್ತಾರೆ. ಎಂಜಿನ್ನನ್ನು ಎರಡು ಅಂತಸ್ತಿನ ಮನೆಯೆಂದು ಭಾವಿಸಿದರೆ ಕೆಳಗಿನ ಅಂತಸ್ತಿನಲ್ಲಿ ಕ್ರ್ಯಾಂಕು, ಗೇರುಗಳು, ಕ್ಲಚ್ಚು. ಮೇಲಿನ ಅಂತಸ್ತಿನಲ್ಲಿ ಬೋರು ಎಂದು ನಾವು ಕರೆಯುವ ಸಿಲಿಂಡರು, ಅದರೊಳಗೆ ಪಿಸ್ಟನ್ನು, ಮೇಲೆ ಹೆಡ್ಡು, ಹೆಡ್ಡಿನೊಳಗೆ ವಾಲ್ವುಗಳು, ಅವುಗಳನ್ನು ಒತ್ತುವ ಕ್ಯಾಮು. ಹೃದಯದ ಪಾಠದಲ್ಲಿ ನೀವು ಓದಿದ 'ಕವಾಟ'ವೇ ಈ ವಾಲ್ವು. ಒಂದು ಕಡೆಗೆ ಬಿಡುವ, ಇನ್ನೊಂದು ಕಡೆಗೆ ತಡೆಯುವ ಬಾಗಿಲು. ಕೆಳಗಿನ ಅಂತಸ್ತನ್ನು ಮುಟ್ಟದೆ ಮೇಲಿನದನ್ನಷ್ಟೇ ಬಿಚ್ಚಿ, ಅಳೆದು, ಸವೆದದ್ದನ್ನು ಬದಲಿಸಿ ಕಟ್ಟುವುದು ಹಾಫ್ ಎಂಜಿನ್. ಕೆಲಸಗಾರರು ಇಟ್ಟ ಈ ಹೆಸರು ನನಗೆ ಯಾವ ಪಾರಿಭಾಷಿಕ ಕೋಶದ ಪದಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಫೋರ್ ಸ್ಟ್ರೋಕ್ ಎಂದರೆ ಪಿಸ್ಟನ್ನಿನ ನಾಲ್ಕು ನಡೆಗಳು. ಕೆಳಗಿಳಿಯುತ್ತಾ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಮೇಲೇರುತ್ತಾ ಅದನ್ನು ಒತ್ತುತ್ತದೆ. ಕಿಡಿ ಹತ್ತಿ ಉರಿದ ಅನಿಲ ಅದನ್ನು ಕೆಳಕ್ಕೆ ತಳ್ಳುತ್ತದೆ. ಮತ್ತೆ ಮೇಲೇರುತ್ತಾ ಹೊಗೆಯನ್ನು ಹೊರಹಾಕುತ್ತದೆ. ಕೆಲಸ ಮಾಡುವ ನಡೆ ನಾಲ್ಕರಲ್ಲಿ ಒಂದೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ನಡೆಗೊಮ್ಮೆ ಆ ತಳ್ಳಾಟ ದೊರಕುತ್ತದೆ. ವಾಲ್ವು, ಕ್ಯಾಮುಗಳ ಗೊಡವೆಯೂ ಇಲ್ಲ. ಆದಕಾರಣವೇ ಮೋಟೊಕ್ರಾಸ್ ಸ್ಪರ್ಧೆಗಳಲ್ಲಿ ಬಹುಕಾಲ ಟೂ ಸ್ಟ್ರೋಕಿನದೇ ರಾಜ್ಯಭಾರ ನಡೆಯಿತು. 1997ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಡಗ್ ಹೆನ್ರಿ ಎಂಬ ಸವಾರ ಯಮಾಹಾದ ಪ್ರಾಯೋಗಿಕ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಸೂಪರ್‌ಕ್ರಾಸ್ ಸ್ಪರ್ಧೆಯನ್ನು ಗೆದ್ದ. ಮರುವರ್ಷ ವೈಜಡ್ 400 ಎಫ್ ಮಾರುಕಟ್ಟೆಗೆ ಬಂತು. ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಹೋಂಡಾದ ಈ 250 ಆರ್ ಬಂದದ್ದು 2004ರ ಮಾದರಿಯಾಗಿ.

ಟೂ ಸ್ಟ್ರೋಕಿನ ಶಕ್ತಿಗೆ ಸಾಟಿಯಾಗಬೇಕಾದರೆ ಫೋರ್ ಸ್ಟ್ರೋಕ್ ಅದಕ್ಕಿಂತ ಬಹಳ ವೇಗವಾಗಿ ತಿರುಗಬೇಕು. ಈ ಎಂಜಿನ್ನಿನ ಬೋರಿನ ಅಗಲ 78 ಮಿ.ಮೀ., ಪಿಸ್ಟನ್ನು ಮೇಲೆ ಕೆಳಗೆ ಚಲಿಸುವ ದೂರ 52.2 ಮಿ.ಮೀ. ಅಗಲವೇ ಹೆಚ್ಚು, ಎತ್ತರ ಕಡಿಮೆ. ವೇಗವಾಗಿ ತಿರುಗುವುದಕ್ಕಾಗಿಯೇ ಈ ಆಕಾರ. ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಸುತ್ತಾಯಿತು. ಅಷ್ಟರಲ್ಲಿ ಪಿಸ್ಟನ್ನು 400 ಸಲ ನಿಂತು ದಿಕ್ಕು ಬದಲಿಸುತ್ತದೆ, ಒಟ್ಟು ಸುಮಾರು 21 ಮೀಟರ್ ದೂರ ಓಡುತ್ತದೆ. ಪ್ರತಿಯೊಂದು ವಾಲ್ವೂ 100 ಸಲ ತೆರೆದು ಮುಚ್ಚುತ್ತದೆ. ಕಚೇರಿಗೆ ಹೋಗಿಬರುವ ನಮ್ಮ ಗಾಡಿಗಳ ಎಂಜಿನ್ನು ವರ್ಷಾನುಗಟ್ಟಲೆ ಬಿಚ್ಚದೆ ಓಡುತ್ತದೆ. ಇದರ ಕೈಪಿಡಿಯಲ್ಲಾದರೋ 6 ಸ್ಪರ್ಧೆಗೆ ಅಥವಾ ಸುಮಾರು 15 ಗಂಟೆಗಳ ಓಟಕ್ಕೊಮ್ಮೆ ಪಿಸ್ಟನ್ನನ್ನೂ ರಿಂಗುಗಳನ್ನೂ ಬದಲಿಸಿರೆಂದು ಬರೆದಿದೆ. ಇದು ವೃತ್ತಿಪರ ಸ್ಪರ್ಧಿಗಳಿಗೆ ಹಾಕಿದ ಲೆಕ್ಕ. ವಾರಕ್ಕೊಮ್ಮೆ ಓಡಿಸುವವರು ಅದಕ್ಕಿಂತ ಹೆಚ್ಚು ಕಾಲ ತಳ್ಳುತ್ತಾರೆ. ಆದರೂ ಕಿಲೋಮೀಟರಿನಲ್ಲಲ್ಲದೆ ಗಂಟೆಯಲ್ಲಿ ಆಯುಸ್ಸನ್ನು ಎಣಿಸುವ ಎಂಜಿನ್ನು ಇದೆಂಬುದನ್ನು ಮರೆಯುವಂತಿಲ್ಲ.

ಬಿಚ್ಚುವುದಕ್ಕೆ ಮೊದಲು ಕೇಳಬೇಕು. ನಾನು 'ಕೇಳಬೇಕು' ಎಂದದ್ದು ಅಕ್ಷರಶಃ. ಪಿಸ್ಟನ್ನನ್ನು ತುತ್ತತುದಿಗೆ ತಂದು, ಎಲ್ಲ ವಾಲ್ವುಗಳೂ ಮುಚ್ಚಿರುವ ಸ್ಥಿತಿಯಲ್ಲಿ, ಪ್ಲಗ್ಗಿನ ರಂಧ್ರದ ಮೂಲಕ ಕಂಪ್ರೆಸರಿನ ಗಾಳಿಯನ್ನು ಒಳಕ್ಕೆ ಬಿಡುತ್ತೇವೆ. ಎಲ್ಲವೂ ಸರಿಯಿದ್ದರೆ ಗಾಳಿ ಹೆಚ್ಚು ಸೋರುವುದಿಲ್ಲ. ಸೋರುತ್ತಿದ್ದರೆ ಎಲ್ಲಿಂದ ಎಂಬುದನ್ನು ಕಿವಿಯೇ ಹೇಳುತ್ತದೆ. ಸೈಲೆನ್ಸರಿನಲ್ಲಿ 'ಸುಸ್' ಎಂದರೆ ಹೊಗೆಯ ವಾಲ್ವು ಕೂತಿಲ್ಲ. ಕಾರ್ಬುರೇಟರಿನ ಬಾಯಲ್ಲಿ ಕೇಳಿದರೆ ಒಳಗೆಳೆಯುವ ವಾಲ್ವಿನ ದೋಷ. ಎಣ್ಣೆ ಹಾಕುವ ರಂಧ್ರದಲ್ಲಿ ಕೇಳಿದರೆ ಗಾಳಿ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆ. ಕಿಕ್ ಹೊಡೆದು ಒತ್ತಡ ಅಳೆಯುವ ಸಾಮಾನ್ಯ ಪರೀಕ್ಷೆ ಇಂಥ ಗಾಡಿಗಳಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಕಿಕ್ಕು ಹಗುರವಾಗಲೆಂದು ಹೊಗೆಯ ವಾಲ್ವನ್ನು ತುಸುವೇ ತೆರೆದಿಡುವ ಸಾಧನವೊಂದು ಕ್ಯಾಮಿನಲ್ಲಿಯೇ ಅಡಗಿರುತ್ತದೆ. ಅಂದು ನಮಗೆ ಶಬ್ದ ಕೇಳಿಸಿದ್ದು ಎರಡು ಕಡೆ: ಕಾರ್ಬುರೇಟರಿನಲ್ಲಿ ಜೋರಾಗಿ, ಎಣ್ಣೆಯ ರಂಧ್ರದಲ್ಲಿ ಮೆಲ್ಲಗೆ.

ಆಮೇಲೆ ತೊಳೆಯುವುದು. ನಮ್ಮ ಸೀಮೆಯ ಕೆಂಪು ಮಣ್ಣನ್ನು ನೀವೆಲ್ಲ ಬಲ್ಲಿರಿ. ಕಣ್ಣಿಗೆ ಮೃದುವಾಗಿ ಕಾಣುವ ಆ ಧೂಳಿನಲ್ಲಿ ಮರಳಿನ ನುಣ್ಣನೆಯ ಹರಳುಗಳಿರುತ್ತವೆ. ಅವು ಎಂಜಿನ್ನಿನೊಳಗಿನ ಹೆಚ್ಚಿನ ಲೋಹಗಳಿಗಿಂತ ಗಡಸು. ಡರ್ಟ್ ಬೈಕಿನ ಎಂಜಿನ್ನು ಸಾಯುವುದು ಬಹುಪಾಲು ವೇಗದಿಂದಲ್ಲ, ಧೂಳಿನಿಂದ. ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಸವರದೆ ಅಥವಾ ಅದರ ಅಂಚಿಗೆ ಗ್ರೀಸು ಹಚ್ಚದೆ ಒಂದು ಮಧ್ಯಾಹ್ನ ಓಡಿಸಿದರೆ ಸಾಕು, ಧೂಳು ಬೆರೆತ ಗಾಳಿ ಉಜ್ಜುಕಾಗದದಂತೆ ವರ್ತಿಸುತ್ತದೆ. ಹೊರಗೆ ಮಣ್ಣಿರುವ ಎಂಜಿನ್ನನ್ನು ಬಿಚ್ಚಿದರೂ ಅದೇ ಫಲ. ಆದುದರಿಂದ ಬ್ರಷ್ಷು ಹಿಡಿದು ಬೋಲ್ಟಿನ ಗುಂಡಿಗಳವರೆಗೂ ತೊಳೆದು, ಗಾಳಿ ಹೊಡೆದು ಒಣಗಿಸಿದ ಮೇಲೆಯೇ ಪಾನಾ ಹಿಡಿಯಬೇಕು. ಚಿಕ್ಕಪ್ಪನವರು ಈ ಒಂದು ವಿಷಯದಲ್ಲಿ ಮಡಿವಂತರು.

ಬಿಚ್ಚುವ ಕೆಲಸ ಹೇಳಲು ಉದ್ದ, ಮಾಡಲು ಸುಲಭ. ಎಣ್ಣೆಯನ್ನೂ ಕೂಲೆಂಟನ್ನೂ ಇಳಿಸಿ, ಸೀಟು, ಟ್ಯಾಂಕು, ಸೈಲೆನ್ಸರು, ಕಾರ್ಬುರೇಟರುಗಳನ್ನು ತೆಗೆದು, ಹೆಡ್ಡಿನ ಮುಚ್ಚಳ ಬಿಚ್ಚಿದರೆ ಕ್ಯಾಮು ಕಾಣುತ್ತದೆ. ಕ್ರ್ಯಾಂಕಿನ ಗುರುತೂ ಕ್ಯಾಮಿನ ಹಲ್ಲುಚಕ್ರದ ಗುರುತೂ ಹೊಂದುವಂತೆ ತಿರುಗಿಸಿ ನಿಲ್ಲಿಸಿ, ಆ ಸ್ಥಿತಿಯ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಳ್ಳಿರಿ. ಟೈಮಿಂಗ್ ಚೈನನ್ನು ಬಿಗಿಹಿಡಿದಿರುವ ಟೆನ್ಷನರನ್ನು ಮೊದಲು ಸಡಿಲಿಸದೆ ಕ್ಯಾಮಿಗೆ ಕೈ ಹಾಕಬಾರದು. ಕ್ಯಾಮು ಬಂದೊಡನೆ ಚೈನಿಗೆ ಒಂದು ತಂತಿ ಕಟ್ಟಿ ಫ್ರೇಮಿಗೆ ನೇತುಹಾಕಬೇಕು. ಇಲ್ಲವಾದರೆ ಅದು ಕೆಳಗಿನ ಅಂತಸ್ತಿಗೆ ಜಾರಿಬೀಳುತ್ತದೆ. ಹೆಡ್ಡಿನ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಚ್ಚದೆ, ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಸಡಿಲಿಸಬೇಕು. ಅಲ್ಯೂಮಿನಿಯಂ ಹೆಡ್ಡು ಒಂದು ಮೂಲೆಯಲ್ಲಿ ಬಿಗಿಯಾಗಿ ಇನ್ನೊಂದು ಮೂಲೆಯಲ್ಲಿ ಸಡಿಲವಾಗಿ ನಿಂತರೆ ಸೊಟ್ಟಗಾಗುವ ಅಪಾಯವಿದೆ. ಬೋರನ್ನು ಎತ್ತಿದ ಕೂಡಲೇ ಕೆಳಗಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಪಿಸ್ಟನ್ನಿನ ಪಿನ್ನನ್ನು ಹಿಡಿದಿರುವ ಸಣ್ಣ ತಂತಿಯುಂಗುರವನ್ನು, ನಾವು ಸರ್ಕ್ಲಿಪ್ ಎನ್ನುವುದನ್ನು, ಕೀಳುವಾಗ ಅದು ಚಿಮ್ಮಿ ಕ್ರ್ಯಾಂಕಿನೊಳಗೆ ಬಿದ್ದರೆ ಹಾಫ್ ಎಂಜಿನ್ ಕೆಲಸ ಆ ಕ್ಷಣದಲ್ಲಿಯೇ ಫುಲ್ ಎಂಜಿನ್ ಆಗುತ್ತದೆ.

ಪಿಸ್ಟನ್ನು ಕೈಗೆ ಬಂದಮೇಲೆ ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಬೇಕು. ಪಕ್ಕಕ್ಕೆ ತುಸು ಆಡುವುದು ಸಹಜ. ಮೇಲೆ ಕೆಳಗೆ ಆಡಕೂಡದು. ಆಡಿದರೆ ಕೆಳಗಿನ ಬೇರಿಂಗು ಹೋಗಿದೆಯೆಂದು ಅರ್ಥ. ಅಂಥ ಅಡಿಪಾಯದ ಮೇಲೆ ಹೊಸ ಪಿಸ್ಟನ್ನು ಕೂರಿಸುವುದು ಹಣ ಚೆಲ್ಲಿದಂತೆ. ನಮ್ಮ ಪುಣ್ಯ, ರಾಡು ಅಲುಗಲಿಲ್ಲ.

ಇನ್ನು ಅಳತೆ. ಕಣ್ಣಿಗೆ ಕಾಣುವ ಸವೆತಕ್ಕಿಂತ ಕಾಣದ ಸವೆತವೇ ಹೆಚ್ಚಾದ್ದರಿಂದ ಇಲ್ಲಿ ಊಹೆಗೆ ಸ್ಥಳವಿಲ್ಲ. ಬೋರಿನ ಒಳವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಒಂದಕ್ಕೊಂದು ಅಡ್ಡಲಾಗಿ ಎರಡು ದಿಕ್ಕಿನಲ್ಲಿ ಅಳೆಯುತ್ತೇವೆ. ಆರು ಸಂಖ್ಯೆಗಳೂ ಒಂದೇ ಆಗಿದ್ದರೆ ಬೋರು ದುಂಡಗೂ ನೇರವಾಗಿಯೂ ಇದೆ. ಪಿಸ್ಟನ್ನನ್ನು ಮಾತ್ರ ಪಿನ್ನಿಗೆ ಅಡ್ಡಲಾಗಿ, ಕೆಳಅಂಚಿನ ಹತ್ತಿರ ಅಳೆಯಬೇಕು. ಏಕೆಂದರೆ ಪಿಸ್ಟನ್ನು ನೋಡಲು ದುಂಡಗಿದ್ದರೂ ನಿಜವಾಗಿ ದುಂಡಗಿಲ್ಲ. ತಲೆಯ ಬಳಿ ಬೆಂಕಿ ಹೆಚ್ಚು, ಅಲ್ಲಿ ಲೋಹ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ತಣ್ಣಗಿರುವಾಗ ತಲೆಯ ಕಡೆ ಚಿಕ್ಕದಾಗಿಯೇ ಮಾಡಿರುತ್ತಾರೆ.

ಈ ಗಾಡಿಯ ಬೋರಿನ ಬಗ್ಗೆ ಒಂದು ಮಾತು. ಕಬ್ಬಿಣದ ತೋಳಿರುವ ಹಳೆಯ ಬೋರುಗಳು ಸವೆದರೆ ಲೇತ್ ಅಂಗಡಿಗೆ ಕೊಟ್ಟು 0.25 ಅಥವಾ 0.50 ಮಿ.ಮೀ. ಕೊರೆಯಿಸಿ, ಅಷ್ಟೇ ದಪ್ಪದ ದೊಡ್ಡ ಪಿಸ್ಟನ್ನು ಹಾಕುವುದು ನಮ್ಮಲ್ಲಿ ರೂಢಿ. ಇದರಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಅಲ್ಯೂಮಿನಿಯಂ ಗೋಡೆಯ ಮೇಲೆಯೇ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳುವಾದ, ಅತಿ ಗಡಸಾದ ಲೇಪವಿರುತ್ತದೆ. ಕೊರೆದರೆ ಲೇಪ ಹೋಯಿತು, ಮೆತ್ತನೆಯ ಅಲ್ಯೂಮಿನಿಯಂ ಉಳಿಯಿತು. ಲೇಪ ಎದ್ದಿದ್ದರೆ ಹೊಸದಾಗಿ ಲೇಪ ಕೊಡಿಸಬೇಕು ಅಥವಾ ಬೋರನ್ನೇ ಬದಲಿಸಬೇಕು. ನಮ್ಮದರಲ್ಲಿ ಲೇಪ ನೆಟ್ಟಗಿತ್ತು. ಬೆರಳಿನ ಉಗುರು ಸಿಕ್ಕಿಕೊಳ್ಳುವಂಥ ಗೀರು ಒಂದೂ ಇರಲಿಲ್ಲ. ಪಿಸ್ಟನ್ನಿನ ಅಳತೆ ಮಾತ್ರ ಕೈಪಿಡಿಯ ಮಿತಿಗಿಂತ ಕೆಳಗಿಳಿದಿತ್ತು. ಎಣ್ಣೆಯ ರಂಧ್ರದಲ್ಲಿ ಕೇಳಿದ ಮೆಲುಸದ್ದಿಗೆ ಕಾರಣ ಸಿಕ್ಕಿತು.

ಈಗ ವಾಲ್ವುಗಳಿಗೆ ಬರುತ್ತೇನೆ. ಈ ಹೆಡ್ಡಿನಲ್ಲಿ ನಾಲ್ಕು ವಾಲ್ವುಗಳಿವೆ. ಎರಡು ಒಳಗೆಳೆಯುವುದಕ್ಕೆ, ಎರಡು ಹೊರಹಾಕುವುದಕ್ಕೆ. ಹೊರಹಾಕುವವು ಉಕ್ಕಿನವು, ಒಳಗೆಳೆಯುವವು ಟೈಟಾನಿಯಮ್ಮಿನವು. ಟೈಟಾನಿಯಂ ಉಕ್ಕಿನ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕಾದ ಬಾಗಿಲು ಹಗುರವಾಗಿದ್ದರೆ ಅದನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗೂ ಹಗುರವಾಗಿದ್ದರೆ ಸಾಲುತ್ತದೆ. ಆದರೆ ಟೈಟಾನಿಯಮ್ಮಿಗೆ ಉಜ್ಜಾಟ ಆಗಿಬರುವುದಿಲ್ಲ. ಅದಕ್ಕಾಗಿ ವಾಲ್ವಿನ ಮೇಲೆ ತೀರ ತೆಳುವಾದ ಗಡಸು ಲೇಪವೊಂದನ್ನು ಕೊಟ್ಟಿರುತ್ತಾರೆ. ಧೂಳು ಆ ಲೇಪವನ್ನು ತಿಂದಮೇಲೆ ವಾಲ್ವಿನ ಅಂಚು ಬೇಗಬೇಗನೆ ಗುಳಿಬೀಳುತ್ತದೆ.

ಕ್ಯಾಮಿಗೂ ವಾಲ್ವಿಗೂ ನಡುವೆ ಒಂದು ಸಣ್ಣ ಸಂದು ಇರಬೇಕು. ಬಿಸಿಯಾದಾಗ ವಾಲ್ವು ಉದ್ದವಾಗುತ್ತದೆ. ಆಗಲೂ ಅದು ಪೂರ್ತಿ ಮುಚ್ಚಿಕೊಳ್ಳಲು ಈ ಸಂದು ಅವಕಾಶ ಕೊಡುತ್ತದೆ. ಈ ಎಂಜಿನ್ನಿನಲ್ಲಿ ಒಳಗೆಳೆಯುವ ಕಡೆ 0.12 ಮಿ.ಮೀ., ಹೊರಹಾಕುವ ಕಡೆ 0.28 ಮಿ.ಮೀ.; ಎರಡರಲ್ಲೂ 0.03 ಹೆಚ್ಚು ಕಡಿಮೆ ಇರಬಹುದು. ಸವೆದರೆ ಸಂದು ಹೆಚ್ಚಾಗಬೇಕಲ್ಲವೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆಗುವುದು ತದ್ವಿರುದ್ಧ. ವಾಲ್ವಿನ ಅಂಚು ಸವೆದಷ್ಟೂ ಅದು ತನ್ನ ಪೀಠದೊಳಗೆ ಮೇಲಕ್ಕೆ ಹೂತುಕೊಳ್ಳುತ್ತದೆ. ಅದರ ಬಾಲ ಕ್ಯಾಮಿನ ಹತ್ತಿರಕ್ಕೆ ಬರುತ್ತದೆ. ಸಂದು ಕಿರಿದಾಗುತ್ತಾ ಕೊನೆಗೆ ಲೋಪವಾಗುತ್ತದೆ. ಕೇಶಿರಾಜನ ಸೂತ್ರವಿಲ್ಲದೆ ಆಗುವ ಲೋಪವಿದು. ಸಂದು ಲೋಪವಾದ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಒತ್ತಡ ಸೋರುತ್ತದೆ, ಕಿಕ್ ಹೊಡೆದರೆ ಗಾಡಿ ಏಳುವುದಿಲ್ಲ. ಅಷ್ಟೇ ಅಲ್ಲ, ವಾಲ್ವು ತನ್ನ ಬಿಸಿಯನ್ನು ಬಿಟ್ಟುಕೊಡುವುದು ಪೀಠಕ್ಕೆ ಒತ್ತಿಕೊಂಡಿರುವ ಕ್ಷಣಗಳಲ್ಲಿ. ಒತ್ತಿಕೊಳ್ಳದಿದ್ದರೆ ಕಾದು ಇನ್ನಷ್ಟು ಕೆಡುತ್ತದೆ.

ಮೊದಲನೆಯ ಸಲ ಆ ತರುಣ ಗಾಡಿ ತಂದಾಗ ಹೇಳಿದ ದೂರು ಇದೇ: "ಅಣ್ಣಾ, ಇಪ್ಪತ್ತು ಕಿಕ್ ಹೊಡೆದರೂ ಏಳಲ್ಲ." ಮುಚ್ಚಳ ತೆಗೆದು ನೋಡಿದರೆ ಒಂದು ವಾಲ್ವಿನಲ್ಲಿ ಅತಿ ತೆಳುವಾದ ಫೀಲರ್ ಗೇಜಿನ ಎಲೆಯೂ ತೂರಲಿಲ್ಲ. ಮೂರು ವಾರದಲ್ಲಿ ಸ್ಪರ್ಧೆಯಿತ್ತು. ಹೊಸ ವಾಲ್ವು ಹೊರದೇಶದಿಂದ ಬರಬೇಕು, ಬೆಲೆಯೂ ಹೆಚ್ಚು. ಊರಿನ ಗಾಡಿಗಳಲ್ಲಿ ನಾವು ದಿನವೂ ಮಾಡುವ ಕೆಲಸವೊಂದಿದೆ: ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟು ಹಚ್ಚಿ, ಪೀಠದ ಮೇಲಿಟ್ಟು, ಕಡ್ಡಿಯಿಂದ ತಿರುಗಿಸಿ ತಿರುಗಿಸಿ ಉಜ್ಜುವುದು. ಉಕ್ಕಿನ ವಾಲ್ವಿಗೆ ಅದು ಒಳ್ಳೆಯ ಚಿಕಿತ್ಸೆ. ನಾನು ಟೈಟಾನಿಯಂ ವಾಲ್ವಿಗೂ ಅದನ್ನೇ ಮಾಡಿದೆ. ಅಂಚು ಕನ್ನಡಿಯಂತೆ ಹೊಳೆಯಿತು. ಸಂದು ಸರಿಮಾಡಿ ಕೊಟ್ಟೆ; ಒಂದೇ ಕಿಕ್ಕಿಗೆ ಎದ್ದಿತು. ಹುಡುಗ ಸಂತೋಷದಿಂದ ನನ್ನ ಕೈ ಹಿಡಿದುಕೊಂಡ.

ಪೇಸ್ಟಿನಲ್ಲಿರುವುದೂ ಗಡಸು ಹರಳಿನ ಪುಡಿಯೇ. ಧೂಳು ಉಳಿಸಿದ್ದ ಲೇಪವನ್ನು ನಾನೇ ನನ್ನ ಕೈಯಾರೆ ಉಜ್ಜಿ ತೆಗೆದಿದ್ದೆ. ಲೇಪ ಪೂರ್ತಿ ಹೋದ ವಾಲ್ವು ನಾಲ್ಕೈದು ಗಂಟೆಯ ಅಭ್ಯಾಸದ ಓಟದಲ್ಲಿ ಮತ್ತೆ ಹೂತುಕೊಂಡಿತು. ಸ್ಪರ್ಧೆಯ ಭಾನುವಾರ ಬೆಳಗ್ಗೆ, ಅವನ ಅಪ್ಪ ಮೊದಲ ಬಾರಿಗೆ ಮಗನ ಓಟ ನೋಡಲು ಬಂದಿದ್ದಾಗ, ಗಾಡಿ ಏಳಲೇ ಇಲ್ಲ. ನಾನೂ ಅಲ್ಲಿದ್ದೆ. ಕಿಕ್ ಹೊಡೆದು ಹೊಡೆದು ಅವನ ಬೂಟಿನೊಳಗೆ ಕಾಲು ಊದಿಕೊಂಡಿತ್ತು. ಅವನ ಗುಂಪಿನ ಉಳಿದ ಗಾಡಿಗಳು ಹೊರಟುಹೋದವು. ತಂದೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಬಿಸಿಲಾಯ್ತು, ನೆರಳಿಗೆ ಬಾಪ್ಪ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತೆಂದು ಈಗಲೂ ಅನಿಸುತ್ತದೆ. ಟೈಟಾನಿಯಂ ವಾಲ್ವುಗಳನ್ನು ಉಜ್ಜಬಾರದೆಂಬ ಎಚ್ಚರಿಕೆ ಕೈಪಿಡಿಯಲ್ಲಿರುತ್ತದೆ. ಮೊದಲ ಸಲ ನಾನು ಸಂದಿನ ಅಳತೆಗಾಗಿ ಒಂದು ಪುಟ ನೋಡಿ ಕೈಪಿಡಿಯನ್ನು ಮುಚ್ಚಿದ್ದೆ.

ಎರಡನೆಯ ಸಲದ ಬಿಡಿಭಾಗಗಳಲ್ಲಿ ವಾಲ್ವುಗಳ ಹಣವನ್ನು ನಾನೇ ಕೊಟ್ಟೆ. ಈ ಸಲ ಟೈಟಾನಿಯಂ ಬೇಡವೆಂದು ಮೂವರೂ ಕೂತು ತೀರ್ಮಾನಿಸಿದೆವು. ಅದರ ಬದಲಿಗೆ ಸ್ಟೇನ್‌ಲೆಸ್ ಸ್ಟೀಲಿನ ವಾಲ್ವುಗಳು ದೊರೆಯುತ್ತವೆ. ಅವು ಭಾರ; ಆದಕಾರಣ ಜೊತೆಗೇ ಬಿಗಿಯಾದ ಸ್ಪ್ರಿಂಗುಗಳನ್ನೂ ಹಾಕಲೇಬೇಕು. ಹಳೆಯ ಸ್ಪ್ರಿಂಗಿಗೆ ಭಾರದ ವಾಲ್ವು ಕಟ್ಟಿದರೆ ಹೆಚ್ಚಿನ ವೇಗದಲ್ಲಿ ಅದು ಹಿಂದೆ ಬೀಳುತ್ತದೆ, ಮೇಲೇರಿ ಬರುವ ಪಿಸ್ಟನ್ನು ಅದಕ್ಕೆ ಬಡಿಯುತ್ತದೆ. ತುತ್ತತುದಿಯ ವೇಗದಲ್ಲಿ ಟೈಟಾನಿಯಮ್ಮಿಗೆ ಇರುವ ಚುರುಕು ಇದಕ್ಕಿಲ್ಲ. ಆದರೆ ನಮ್ಮ ಧೂಳಿನಲ್ಲಿ, ಸ್ವಂತ ಸಂಬಳದಲ್ಲಿ ಗಾಡಿ ಸಾಕುವವನಿಗೆ ಅದೇ ಲೇಸೆಂಬುದು ನನ್ನ ಅಭಿಪ್ರಾಯ. ಚಿಕ್ಕಪ್ಪನವರ ಅಭಿಪ್ರಾಯ ಬೇರೆ. ತಯಾರಿಸಿದವನು ಕೊಟ್ಟ ಲೋಹವನ್ನು ಬದಲಿಸಬಾರದೆಂಬ ಪಕ್ಷ ಅವರದು.

ಹೊಸ ವಾಲ್ವನ್ನು ಹಳೆಯ ಪೀಠದ ಮೇಲೆ ಕೂರಿಸುವಂತಿಲ್ಲ. ಹಳೆಯ ವಾಲ್ವು ತನ್ನ ಆಕಾರಕ್ಕೆ ಪೀಠವನ್ನೂ ಸವೆಸಿರುತ್ತದೆ. ಪೀಠದ ಮುಖವನ್ನು 45 ಡಿಗ್ರಿಗೆ ಹೊಸದಾಗಿ ಕತ್ತರಿಸಿ, ಅದರ ಮೇಲೆ ಕೆಳಗೆ ಬೇರೆ ಕೋನಗಳಲ್ಲಿ ತುಸು ಸವರಿ, ವಾಲ್ವು ಒತ್ತಿಕೊಳ್ಳುವ ಪಟ್ಟಿಯನ್ನು ಸುಮಾರು 1 ಮಿ.ಮೀ. ಅಗಲಕ್ಕೆ ನಿಲ್ಲಿಸಬೇಕು. ಪಟ್ಟಿ ತೀರ ಅಗಲವಾದರೆ ಒತ್ತು ಸಾಲದು. ತೀರ ಕಿರಿದಾದರೆ ಬಿಸಿ ದಾಟುವುದಿಲ್ಲ. ಇದಕ್ಕೆ ಬೇಕಾದ ಯಂತ್ರ ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ಈ ಕೆಲಸವನ್ನೇ ಮಾಡುವವರಿಗೆ ಹೆಡ್ಡನ್ನು ಕಳುಹಿಸಿದೆವು. ಬಂದಮೇಲೆ ಹೆಡ್ಡಿನ ತಳಕ್ಕೆ ನೇರವಾದ ಉಕ್ಕಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ 0.05 ಮಿ.ಮೀ. ಎಲೆ ತೂರುತ್ತದೆಯೇ ಎಂದು ನೋಡಿದೆವು. ತೂರಲಿಲ್ಲ, ಹೆಡ್ಡು ಸಮತಲವಾಗಿತ್ತು.

ಕಟ್ಟುವ ಕೆಲಸದಲ್ಲಿ ನಾಲ್ಕು ಕಡೆ ನಿಧಾನ ಬೇಕು. ಮೊದಲನೆಯದು ರಿಂಗು. ಹೊಸ ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಮುನ್ನ ಒಂಟಿಯಾಗಿ ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದಲೇ ತುಸು ಕೆಳಕ್ಕೆ ತಳ್ಳಿದರೆ ನೇರವಾಗಿ ಕೂರುತ್ತದೆ. ಆಗ ಅದರ ಎರಡು ತುದಿಗಳ ನಡುವಿನ ಬಿರುಕನ್ನು ಅಳೆಯಬೇಕು. ಬೋರಿನ ಅಗಲದ ಸಾವಿರದಲ್ಲಿ ನಾಲ್ಕು ಭಾಗ ಎಂಬುದು ಹಳಬರ ಅಂದಾಜು, 78 ಮಿ.ಮೀ.ಗೆ ಸುಮಾರು 0.31 ಆಯಿತು. ಕೊನೆಯ ಮಾತು ರಿಂಗಿನ ಪೆಟ್ಟಿಗೆಯಲ್ಲಿ ಬಂದ ಕಾಗದದ್ದು. ಬಿರುಕು ತೀರ ಕಡಿಮೆಯಿದ್ದರೆ ಬಿಸಿಗೆ ಹಿಗ್ಗಿದ ತುದಿಗಳು ಪರಸ್ಪರ ಢಿಕ್ಕಿ ಹೊಡೆದು, ರಿಂಗು ಬೋರನ್ನು ಗೀರಿಬಿಡುತ್ತದೆ. ಮೇಲಿನದು ಒತ್ತಡ ಹಿಡಿಯುವ ರಿಂಗು, ಗುರುತಿರುವ ಮೈ ಮೇಲೆ ಬರಬೇಕು. ಕೆಳಗಿನದು ಎಣ್ಣೆಯ ರಿಂಗು, ಮೂರು ತುಂಡುಗಳದು. ಎಲ್ಲದರ ಬಿರುಕುಗಳೂ ಒಂದೇ ಸಾಲಿಗೆ ಬರದಂತೆ ಸುತ್ತಲೂ ಹಂಚಿ ಕೂರಿಸಬೇಕು. ಎರಡನೆಯದು ಸರ್ಕ್ಲಿಪ್: ಎಂದೂ ಹಳೆಯದನ್ನು ಹಾಕಬೇಡಿ, ಅದರ ಬಾಯಿ ಪಿಸ್ಟನ್ನಿನ ಕಚ್ಚಿಗೆ ನೇರವಾಗಿ ಬರಬಾರದು.

ಬೋರನ್ನು ಬಿಸಿನೀರು, ಸೋಪಿನಿಂದ ತೊಳೆದು, ಎಣ್ಣೆಯ ಬಿಳಿಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಬಾರದು. ಪಿಸ್ಟನ್ನಿನ ತಲೆಯ ಮೇಲಿನ ಗುರುತು ಕಾರ್ಬುರೇಟರಿನ ಕಡೆಗಿರಬೇಕು. ಬೆರಳುಗಳಿಂದ ರಿಂಗನ್ನು ಒತ್ತಿಹಿಡಿದು ಬೋರನ್ನು ಇಳಿಸುವಾಗ ತಡೆ ಸಿಕ್ಕರೆ ನಿಲ್ಲಿಸಿ. ಅಲ್ಲಿ ಬಲ ತೋರಿದವನು ರಿಂಗು ಮುರಿಯುತ್ತಾನೆ. ಹೆಡ್ಡಿನ ಬೋಲ್ಟುಗಳಿಗೆ ಎಣ್ಣೆ ಸವರಿ, ಎದುರುಬದುರಾಗಿ, ಹಂತಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಇಷ್ಟು ಬಲಕ್ಕೆ 'ಕಟ್' ಎಂದು ಸದ್ದು ಮಾಡಿ ತಿಳಿಸುವ ಪಾನಾ ಅದು. ಕೈಯ ಅಂದಾಜಿನಲ್ಲಿ ಬಿಗಿಯುವ ಮೆಕ್ಯಾನಿಕ್ಕುಗಳಿದ್ದಾರೆ. ಅವರ ಕೈ ಎಷ್ಟೇ ಪಳಗಿದ್ದರೂ ಇಲ್ಲಿ ನಾನು ಅದನ್ನು ನಂಬುವುದಿಲ್ಲ.

ಮೂರನೆಯ ನಿಧಾನ ಟೈಮಿಂಗಿನದು. ಕ್ರ್ಯಾಂಕಿನ ಗುರುತು ಮತ್ತು ಕ್ಯಾಮಿನ ಗುರುತು ಹೊಂದಿದ ಮೇಲೆ ಟೆನ್ಷನರನ್ನು ಬಿಗಿಯಿರಿ, ಅನಂತರ ಮತ್ತೊಮ್ಮೆ ಗುರುತುಗಳನ್ನು ನೋಡಿರಿ. ಚೈನು ಬಿಗಿಯಾಗುವಾಗ ಒಂದು ಹಲ್ಲು ಸರಿದಿರುವುದುಂಟು. ಅದಾದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿರಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ವಾಲ್ವಿಗೆ ಪಿಸ್ಟನ್ನು ತಗಲುತ್ತಿದೆಯೆಂದೇ ತಿಳಿಯಿರಿ. ಕೈಯಲ್ಲಿ ತಿರುಗಿಸುವಾಗ ತಗಲಿದರೆ ನಷ್ಟವಿಲ್ಲ. ಕಿಕ್ಕಿನಲ್ಲಿ ತಗಲಿದರೆ ಹೊಸ ವಾಲ್ವುಗಳು ಬಗ್ಗುತ್ತವೆ.

ನಾಲ್ಕನೆಯದು ಸಂದು. ಕ್ಯಾಮಿಗೂ ವಾಲ್ವಿಗೂ ನಡುವೆ ಶಿಮ್ ಎಂಬ ಗುಂಡಗಿನ ಸಣ್ಣ ಬಿಲ್ಲೆ ಇರುತ್ತದೆ. ಅದರ ದಪ್ಪ ಬದಲಿಸಿ ಸಂದನ್ನು ಬದಲಿಸುತ್ತೇವೆ. ಲೆಕ್ಕ ಸರಳ: ಹಳೆಯ ಬಿಲ್ಲೆಯ ದಪ್ಪಕ್ಕೆ ಈಗ ಅಳೆದ ಸಂದನ್ನು ಕೂಡಿಸಿ, ಬೇಕಾದ ಸಂದನ್ನು ಕಳೆಯಬೇಕು. ನಮ್ಮ ಎಡವಾಲ್ವಿನಲ್ಲಿ ಬಿಲ್ಲೆ 1.90, ಅಳೆದ ಸಂದು 0.05, ಬೇಕಾದದ್ದು 0.12. ಬಂದ ಉತ್ತರ 1.83. ಬಿಲ್ಲೆಗಳು 0.025ರ ಅಂತರದಲ್ಲಿ ಸಿಗುವುದರಿಂದ 1.825ರದನ್ನು ಹಾಕಿದೆವು. ಫೀಲರ್ ಗೇಜಿನ ಎಲೆ ತೂರಲೇ ಇಲ್ಲವಾದರೆ ಸಂದು ಸೊನ್ನೆಯೆಂದು ಬರೆದುಕೊಳ್ಳಬೇಡಿ. ಸೊನ್ನೆಗಿಂತ ಎಷ್ಟು ಕೆಳಗೆಂಬುದು ಗೊತ್ತಿರುವುದಿಲ್ಲ. ಮೊದಲು ತೆಳುವಾದ ಬಿಲ್ಲೆಯೊಂದನ್ನು ಹಾಕಿ ಸಂದು ಬರಿಸಿಕೊಂಡು, ಆಮೇಲೆ ಲೆಕ್ಕ ಮಾಡಬೇಕು.

ಈ ಗಾಡಿಯಲ್ಲಿ ಎಂಜಿನ್ನಿನ ಎಣ್ಣೆ ಬೇರೆ, ಗೇರಿನ ಎಣ್ಣೆ ಬೇರೆ. ಎರಡನ್ನೂ ತುಂಬಿಸಿ, ಕೂಲೆಂಟು ಹಾಕಿ, ಏರ್ ಫಿಲ್ಟರಿಗೆ ಎಣ್ಣೆ ಸವರಿ ಅಂಚಿಗೆ ಗ್ರೀಸು ಹಚ್ಚಿದ್ದನ್ನು ನಾನು ಎರಡು ಸಲ ನೋಡಿದೆ. ಮೂರನೆಯ ಕಿಕ್ಕಿಗೆ ಎಂಜಿನ್ನು ಎದ್ದಿತು. ಮೊದಲ ಸಲ ಬೆಚ್ಚಗಾಗುವವರೆಗೆ ಮಾತ್ರ ಓಡಿಸಿ ನಿಲ್ಲಿಸಿ, ಪೂರ್ತಿ ತಣಿಯಲು ಬಿಟ್ಟೆವು. ಹೀಗೆ ಮೂರು ಸಲ. ಆಮೇಲೆ ಹುಡುಗ ಹೊಲದ ದಾರಿಯಲ್ಲಿ ಒಂದೇ ವೇಗದಲ್ಲಿ ನಿಲ್ಲದೆ, ಏರಿಸುತ್ತಾ ಇಳಿಸುತ್ತಾ ಅರ್ಧ ಗಂಟೆ ಓಡಿಸಿದ. ಹೊಸ ರಿಂಗು ಬೋರಿನ ಗೋಡೆಗೆ ಒಗ್ಗಿಕೊಳ್ಳುವುದು ಈ ಮೊದಲ ಹೊತ್ತಿನಲ್ಲಿ. ಅಂದೇ ಎಣ್ಣೆ ಇಳಿಸಿ, ಬೆಳಕಿಗೆ ಹಿಡಿದು ನೋಡಿದೆವು. ಬೂದಿಬಣ್ಣದ ನುಣುಪು ಹೊಳಪು ಸ್ವಲ್ಪವಿತ್ತು, ಅದು ಸಹಜ; ಚೂರುಗಳಿರಲಿಲ್ಲ.

ಐದು ಗಂಟೆ ಓಡಿದ ಮೇಲೆ ಅವನು ಮತ್ತೆ ಬಂದ, ಈ ಸಲ ತಂದೆಯವರನ್ನೂ ಕರೆದುಕೊಂಡು. ಮುಚ್ಚಳ ತೆಗೆದು ಎರಡು ವಾಲ್ವುಗಳ ಸಂದನ್ನೂ ಅಳೆದೆ. ಫೀಲರ್ ಗೇಜಿನ ಎಲೆಯನ್ನು ಹುಡುಗನ ಕೈಗೆ ಕೊಟ್ಟು ಅವನಿಂದಲೂ ಅಳೆಯಿಸಿದೆ. 0.12ರ ಎಲೆ ಹಗುರವಾಗಿ ಹಿಡಿದುಕೊಂಡು ಜಾರಿತು. ತಂದೆಯವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿ, "ಇಷ್ಟು ಸಣ್ಣ ಜಾಗಕ್ಕೆ ಅಷ್ಟು ದೊಡ್ಡ ಗಾಡಿ ನಿಂತುಹೋಗಿತ್ತಾ?" ಎಂದು ಕೇಳಿದರು. ಹೌದೆಂದೆ. ಹುಡುಗ ತನ್ನ ನೋಟುಪುಸ್ತಕದಲ್ಲಿ ದಿನಾಂಕ, ಓಡಿದ ಗಂಟೆ, ಎಡ 0.12, ಬಲ 0.12 ಎಂದು ಬರೆದುಕೊಂಡ.